ತಲೆ ತಗ್ಗಿಸಿ ಕೇಳಿದ ಮೊದಲ ಸಿನಿಮಾಗಳು

ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ನನ್ನ ಪಕ್ಕದಲ್ಲಿ ಕುಳಿತು, ಬಾಲ್ಯದಲ್ಲಿ ಮೊದಲ ಸಲ ಸಿನಿಮಾಕ್ಕೆ ಹೋದ ನೆನಪನ್ನು ಹೇಳಿದ ಎಲ್ಲರಿಗೂ ಈ ಬರಹದ ಮೂಲಕ ಕೃತಜ್ಞತೆಗಳನ್ನು ಸಲ್ಲಿಸುತ್ತಿದ್ದೇನೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಬೇಕಾದ ಮಾತಿದು. ಆದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿಲ್ಲವಾದ್ದರಿಂದ, ನಿಮ್ಮ ನೆನಪುಗಳೆಲ್ಲ ಒಟ್ಟಿಗೆ ಸೇರಿದಾಗ ಏನಾಗುತ್ತದೆ ಎಂಬುದು ನನಗೊಬ್ಬಳಿಗೇ ಗೊತ್ತು. ಅದನ್ನು ನಿಮಗೆ ಒಪ್ಪಿಸದೆ ಬರಿಯ ಧನ್ಯವಾದ ಹೇಳಿ ಮುಗಿಸಿದರೆ ಋಣ ತೀರಿದಂತಾಗುವುದಿಲ್ಲ.

ಕಾಯಿಲೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ನನ್ನ ಒಂದು ಕಣ್ಣಿನ ಅಕ್ಷಿಪಟಲದ ನಟ್ಟನಡುವೆ ರಂಧ್ರ ಬಿದ್ದು, ಎದುರಿಗೆ ನಿಂತವರ ಕಿವಿ, ಕೂದಲು ಕಂಡರೂ ಮುಖ ಕಾಣದ ಸ್ಥಿತಿಯಾಗಿತ್ತು. ಇದಕ್ಕೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣೊಳಗಿನ ಲೋಳೆಯಂಥ ದ್ರವವನ್ನು ತೆಗೆದು ಅಲ್ಲಿಗೆ ಅನಿಲ ತುಂಬುತ್ತಾರೆ. ಅನಿಲದ ಗುಳ್ಳೆ ಯಾವಾಗಲೂ ಮೇಲಕ್ಕೇ ಏರುವುದರಿಂದ, ಅದು ಕಣ್ಣಿನ ಹಿಂಗೋಡೆಗೆ ಒತ್ತಿಕೊಂಡು ರಂಧ್ರವನ್ನು ಮುಚ್ಚಬೇಕಾದರೆ ರೋಗಿಯು ಹಗಲೂ ರಾತ್ರಿಯೂ ಮುಖವನ್ನು ನೆಲದ ಕಡೆಗೇ ಬಾಗಿಸಿಕೊಂಡಿರಬೇಕಾಗುತ್ತದೆ. ಹಾಗಾಗಿ ನನ್ನನ್ನು ನೋಡಲು ಬಂದವರ ಪಾದಗಳಷ್ಟೇ ನನಗೆ ಕಾಣುತ್ತಿದ್ದವು. ಮೊದಮೊದಲು ಎಲ್ಲರೂ ತಮಗೆ ಗೊತ್ತಿದ್ದವರ ಕಣ್ಣಿನ ಕಾಯಿಲೆಗಳ ಕಥೆಗಳನ್ನೇ ಹೇಳುತ್ತಿದ್ದರು. ಅವುಗಳಲ್ಲಿ ಒಂದೆರಡು ಸುಖಾಂತವಾಗಿರಲಿಲ್ಲ.

ಆ ಮಾತಿನ ದಾರಿಯನ್ನು ಬದಲಿಸಿದವರು ನನ್ನ ಚಿಕ್ಕಮ್ಮ. ಮುಖ ನೋಡದೆ ಮಾತನಾಡುವುದು ಕಷ್ಟವಾಗುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ಅವರು, "ಅದರಲ್ಲೇನು ಕಷ್ಟ, ಟಾಕೀಸಿನಲ್ಲಿ ಪಕ್ಕದಲ್ಲಿ ಕೂತವರ ಮುಖ ಯಾರು ನೋಡ್ತಾರೆ ಹೇಳು" ಎಂದು ನಕ್ಕು, ಯಾರೂ ಕೇಳದೆಯೇ ತಮ್ಮ ಮೊದಲ ಸಿನಿಮಾದ ಪ್ರಸಂಗವನ್ನು ತೆಗೆದರು. ಅವರು ಒಳಗೆ ಹೋಗುವಷ್ಟರಲ್ಲಿ ಚಿತ್ರ ಶುರುವಾಗಿತ್ತಂತೆ. ಹೊರಗಿನ ಬಿಸಿಲಿನಿಂದ ಕತ್ತಲೆಗೆ ಕಾಲಿಟ್ಟ ಮಗುವಿಗೆ ಏನೂ ಕಾಣದೆ, ಅಕ್ಕನ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಾಗ, ಗೇಟ್‌ ಕೀಪರ್ ಟಾರ್ಚನ್ನು ಮೆಟ್ಟಿಲ ಮೇಲೆ ಬಿಟ್ಟರು. ಒಂದೊಂದೇ ಮೆಟ್ಟಿಲು ಇಳಿಯುತ್ತಾ ಮುಂದೆ ಸರಿಯುತ್ತಿದ್ದ ಆ ಬೆಳಕಿನ ಸುತ್ತನ್ನೇ ಅವರು ಸಿನಿಮಾ ಎಂದುಕೊಂಡರು. ಕುರ್ಚಿ ಸಿಕ್ಕಿ ಟಾರ್ಚ್ ಆರಿದಾಗ, ಇಷ್ಟು ಬೇಗ ಮುಗಿಯಿತೇ ಎಂದು ಅಳು ಬಂತಂತೆ. ಆಗ ಅಕ್ಕ ಗಲ್ಲ ಹಿಡಿದು ಮುಖವನ್ನು ಪರದೆಯ ಕಡೆಗೆ ತಿರುಗಿಸಿದರು.

ಅಲ್ಲಿಂದಾಚೆಗೆ ಬಂದವರನ್ನೆಲ್ಲ ನಾನು ಇದೊಂದನ್ನೇ ಕೇಳತೊಡಗಿದೆ. ಚಿಕ್ಕಮ್ಮನಿಗೆ ನನ್ನ ಮೊದಲ ನಮಸ್ಕಾರ. ವೈದ್ಯಕೀಯ ಓದುತ್ತಿರುವ ಸೊಸೆಮಗಳು ಈ ಪ್ರಸಂಗಕ್ಕೆ ಕೊಟ್ಟ ವಿವರಣೆಯನ್ನೂ ಇಲ್ಲಿ ನೆನೆಯಬೇಕು. ಕತ್ತಲೆಗೆ ಹೊಂದಿಕೊಳ್ಳಲು ಕಣ್ಣಿನ ಶಂಕುಕೋಶಗಳಿಗೆ ಸುಮಾರು 10 ನಿಮಿಷ ಸಾಕಾದರೂ, ಮಂದ ಬೆಳಕಿನಲ್ಲಿ ನೋಡುವ ಕಡ್ಡಿಕೋಶಗಳು ಪೂರ್ತಿ ಚುರುಕಾಗಲು ಅರ್ಧ ಗಂಟೆಯವರೆಗೂ ಬೇಕಾಗುತ್ತದಂತೆ. ತಡವಾಗಿ ಬಂದ ಮಗುವಿಗೆ ಯಾರೂ ಕಾಣದಿದ್ದಾಗ ಆಗಲೇ ಕುಳಿತವರಿಗೆಲ್ಲ ಆ ಮಗು ಸ್ಪಷ್ಟವಾಗಿ ಕಾಣುತ್ತಿರುತ್ತದೆ ಎಂದು ಅವಳು ಹೇಳಿದಾಗ ಚಿಕ್ಕಮ್ಮ, ಇಷ್ಟು ವರ್ಷಗಳ ನಂತರವೂ, ಸ್ವಲ್ಪ ನಾಚಿಕೊಂಡ ದನಿಯಲ್ಲಿ "ಅಯ್ಯೋ" ಎಂದರು.

ಎಷ್ಟೋ ಜನರ ಮಾತು ಕೇಳಿದ ಮೇಲೆ ನನಗೆ ಹೊಳೆದ ಸಂಗತಿಯೊಂದಿದೆ. ಮೊದಲ ಸಿನಿಮಾದ ಕಥೆಯನ್ನು ನನಗೆ ಬಹುಮಟ್ಟಿಗೆ ಯಾರೂ ಹೇಳಲಿಲ್ಲ. ಮಗುವಿಗೆ ನೆನಪಿನಲ್ಲಿ ಉಳಿಯುವುದು ಪರದೆಗಿಂತ ಹೆಚ್ಚಾಗಿ ಪರದೆಯಲ್ಲದ್ದು, ಏಕೆಂದರೆ ಎಲ್ಲಿ ನೋಡಬೇಕು ಎಂಬುದನ್ನು ಅದಕ್ಕೆ ಆಗ ಇನ್ನೂ ಯಾರೂ ಕಲಿಸಿರುವುದಿಲ್ಲ. ನಮ್ಮ ಭಾವ ಬಾಲ್ಕನಿಯ ಕುರ್ಚಿಯ ಮೇಲೆ ಹಿಂದುಮುಂದಾಗಿ ಮಂಡಿಯೂರಿ, ಗೋಡೆಯ ಪುಟ್ಟ ಕಿಂಡಿಯಿಂದ ಹೊರಡುತ್ತಿದ್ದ ಬೆಳಕನ್ನೇ ಬಹಳ ಹೊತ್ತು ನೋಡುತ್ತಿದ್ದರಂತೆ. ಬೆಳಕಿನ ಕೋಲಿನೊಳಗೆ ಏಳುತ್ತಿದ್ದ ಧೂಳೇ ಮುಂದೆ ಹೋಗಿ ಮನುಷ್ಯರಾಗುತ್ತದೆ ಎಂಬ ನಂಬಿಕೆಯಿಂದ, ಒಂದಿಷ್ಟನ್ನು ಹಿಡಿಯೋಣವೆಂದು ಎದ್ದು ನಿಂತು ಕೈ ಚಾಚಿದರು. ಪರದೆಯ ಮೇಲೆ ಮನೆಯಷ್ಟು ದೊಡ್ಡ ಐದು ಬೆರಳುಗಳು ಮೂಡಿ ಇಡೀ ಟಾಕೀಸು ಬೊಬ್ಬೆ ಹೊಡೆಯಿತು. ಭಾವ ಇದನ್ನು ಹೇಳುವಾಗ ನನ್ನ ಕಣ್ಣ ಕೆಳಗಿನ ನೆಲದ ಮೇಲೆ ಕೈ ಚಾಚಿ ಬೆರಳುಗಳನ್ನು ಅಗಲಿಸಿ ತೋರಿಸಿದರು. ನನಗೆ ಕಾಣುವ ಜಾಗ ಅದೊಂದೇ ಎಂಬುದು ಅವರಿಗೆ ನೆನಪಿತ್ತು. ಅದಕ್ಕಾಗಿ ಅವರಿಗೆ ಬೇರೆಯಾಗಿಯೇ ವಂದಿಸುತ್ತೇನೆ.

ನಿವೃತ್ತ ಪ್ರೊಜೆಕ್ಟರ್ ಆಪರೇಟರ್ ಒಬ್ಬರು, ಭಾವನ ಪರಿಚಯದವರು, ಒಂದು ಮಧ್ಯಾಹ್ನ ಬಂದು ಕುಳಿತರು. ಈ ಹಿರಿಯರಿಗೆ ನಾನು ಹೆಚ್ಚಿನ ಕೃತಜ್ಞತೆ ಸಲ್ಲಿಸಬೇಕು, ಏಕೆಂದರೆ ಉಳಿದವರೆಲ್ಲ ಕಿಂಡಿಯ ಹೊರಗಿನಿಂದ ಕಂಡದ್ದನ್ನು ಅವರು ಒಳಗಿನಿಂದ ಕಂಡವರು. ಅವರ ಸೋದರಮಾವನೂ ಆಪರೇಟರ್ ಆಗಿದ್ದರಿಂದ, ಅವರು ತಮ್ಮ ಮೊದಲ ಸಿನಿಮಾವನ್ನು ನೋಡಿದ್ದು ರೀಲು ತುಂಬುವ ಡಬ್ಬಿಗಳ ಮೇಲೆ ನಿಂತು, ಮೆಷಿನ್ ರೂಮಿನ ಗಾಜಿನ ಕಿಂಡಿಯಲ್ಲಿ. ಯಂತ್ರದ ಸದ್ದಿನ ನಡುವೆ ಮಾತುಗಳು ಸರಿಯಾಗಿ ಕೇಳುತ್ತಿರಲಿಲ್ಲ. ಮುಂದೆ ಒಮ್ಮೆ ಕೆಳಗೆ ಪ್ರೇಕ್ಷಕರ ನಡುವೆ ಕುಳಿತಾಗ, ಆ ಸದ್ದಿಲ್ಲದ ಸಿನಿಮಾ ಎಲ್ಲೋ ಏನೋ ಕಡಿಮೆಯಾದಂತೆ ಅನಿಸಿತಂತೆ.

ಅವರು ನನ್ನ ಮುಂದಿದ್ದ ಮೇಜಿನ ಮೇಲೆ ಉಗುರಿನಿಂದ ಬಡಿದು ಆ ಸದ್ದನ್ನು ಕೇಳಿಸಿದರು. 35 ಮಿಲಿಮೀಟರ್ ಫಿಲ್ಮಿನಲ್ಲಿ ಪ್ರತಿ ಚಿತ್ರಚೌಕಟ್ಟಿಗೂ ಎರಡೂ ಅಂಚಿನಲ್ಲಿ ನಾಲ್ಕು ನಾಲ್ಕು ತೂತುಗಳಿರುತ್ತವೆ. ಹಲ್ಲುಚಕ್ರವು ಆ ತೂತುಗಳನ್ನು ಹಿಡಿದು ಚೌಕಟ್ಟನ್ನು ದೀಪದ ಮುಂದಕ್ಕೆ ಎಳೆದು ನಿಲ್ಲಿಸಿ, ಮತ್ತೆ ಎಳೆದು, ಹೀಗೆ ಸೆಕೆಂಡಿಗೆ 24 ಸಲ ಮಾಡುತ್ತದೆ. ಎಳೆಯುವಾಗ ತಿರುಗುವ ಷಟರ್ ಅಡ್ಡ ಬಂದು ಬೆಳಕನ್ನು ತಡೆಯುತ್ತದೆ, ನಿಂತಿರುವಾಗಲೂ ಒಮ್ಮೆ ತಡೆಯುತ್ತದೆ. ಹೀಗೆ ಒಂದೇ ಚೌಕಟ್ಟು ಎರಡು ಸಲ ಮಿನುಗಿ ಸೆಕೆಂಡಿಗೆ 48 ಮಿನುಗುಗಳಾಗುವುದರಿಂದ ಕಣ್ಣಿಗೆ ಬೆಳಕಿನ ನಡುಕ ತಿಳಿಯುವುದಿಲ್ಲ. "ಅಂದ್ರೆ ನೀವು ನೋಡಿದ ಸಿನಿಮಾದಲ್ಲಿ ಸುಮಾರು ಅರ್ಧ ಹೊತ್ತು ಪರದೆ ಮೇಲೆ ಏನೂ ಇರ್ಲಿಲ್ಲಮ್ಮ" ಎಂದು ಅವರು ಹೇಳಿದ ಮಾತು, ಕಣ್ಣೊಳಗೆ ಅನಿಲ ತುಂಬಿಕೊಂಡು ಕುಳಿತಿದ್ದ ನನಗೆ ಕೊಟ್ಟ ಸಮಾಧಾನವನ್ನು ಬೇರೆ ಯಾವ ಧೈರ್ಯದ ಮಾತೂ ಕೊಟ್ಟಿರಲಿಲ್ಲ. ಅವರು ಸಮಾಧಾನ ಹೇಳಲೆಂದು ಹಾಗೆ ಹೇಳಿದವರಲ್ಲ. ಯಂತ್ರದ ವಿಷಯದಲ್ಲಿ ಕರಾರುವಾಕ್ಕಾಗಿ ಇರುವವರು, ಅಷ್ಟೇ.

ಪರದೆಯ ಬಲಗಡೆಯ ಮೇಲ್ಮೂಲೆಯಲ್ಲಿ ಒಮ್ಮೊಮ್ಮೆ ಮಿಂಚಿ ಮಾಯವಾಗುತ್ತಿದ್ದ ಚುಕ್ಕೆಯ ಗುಟ್ಟನ್ನೂ ಅವರೇ ಬಿಡಿಸಿದರು. 2000 ಅಡಿಯ ರೀಲು ಸುಮಾರು 22 ನಿಮಿಷಗಳಲ್ಲಿ ಮುಗಿಯುತ್ತದೆ. ಮೊದಲ ಚುಕ್ಕೆ ಬಂದೊಡನೆ ಎರಡನೆಯ ಯಂತ್ರದ ಮೋಟಾರು ಚಾಲು ಮಾಡಬೇಕು, ಕೆಲವೇ ಸೆಕೆಂಡುಗಳಲ್ಲಿ ಬರುವ ಎರಡನೆಯ ಚುಕ್ಕೆಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಬೆಳಕನ್ನು ದಾಟಿಸಬೇಕು. ಡಿಜಿಟಲ್ ಪ್ರೊಜೆಕ್ಟರುಗಳಲ್ಲಿ ಸಿನಿಮಾ ಹಾರ್ಡ್ ಡಿಸ್ಕಿನಲ್ಲಿ ಬಂದು ಸರ್ವರಿನಿಂದ ಓಡುವುದರಿಂದ ರೀಲು ಬದಲಿಸುವ ಪ್ರಶ್ನೆಯೂ ಇಲ್ಲ, ಚುಕ್ಕೆಯೂ ಇಲ್ಲ. ಈಗಿನ ಮಕ್ಕಳ ಮೊದಲ ಸಿನಿಮಾದಲ್ಲಿ ಅದೊಂದು ಇರುವುದಿಲ್ಲ ಎಂದು ಹೇಳುವಾಗ ಅವರ ದನಿಯಲ್ಲಿ ವ್ಯಥೆಯಿತ್ತೋ ನಿರಾಳವಿತ್ತೋ ನನಗೆ ತಿಳಿಯಲಿಲ್ಲ. ಮುಖ ಕಂಡಿದ್ದರೆ ತಿಳಿಯುತ್ತಿತ್ತೇನೋ.

ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಪರದೆಯನ್ನೇ ಮುಟ್ಟಿ ಬಂದವರು. ಆಟ ಮುಗಿದು ಜನ ಹೊರಡುವ ಗದ್ದಲದಲ್ಲಿ ಮುಂದಕ್ಕೆ ಓಡಿ ಅಂಗೈ ಇಟ್ಟು ನೋಡಿದಾಗ, ದೂರದಿಂದ ಅಷ್ಟು ನುಣುಪಾಗಿ ಕಂಡಿದ್ದ ಪರದೆಯ ತುಂಬ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ರಂಧ್ರಗಳಿದ್ದವು. ಹಿಂದಿರುವ ಸ್ಪೀಕರುಗಳ ಧ್ವನಿ ಹಾದುಬರಲೆಂದು ಹಾಗೆ ಮಾಡಿರುತ್ತಾರೆ ಎಂಬುದು ಅವರಿಗೆ ತಿಳಿದದ್ದು ದೊಡ್ಡವರಾದ ಮೇಲೆ. ಆ ದಿನ ಮಾತ್ರ, ಸಿನಿಮಾದೊಳಗಿನವರು ನಮ್ಮನ್ನು ಇಣುಕಿ ನೋಡಲು ಮಾಡಿಕೊಂಡ ತೂತುಗಳಿವು ಎಂದು ಖಚಿತಪಡಿಸಿಕೊಂಡು ಮನೆಗೆ ಹೋದರಂತೆ.

ನೆನಪಿನ ಬಗ್ಗೆ ಪ್ರಾಮಾಣಿಕವಾಗಿ ಮಾತನಾಡಿದ ಗೆಳತಿಯೊಬ್ಬಳಿಗೂ ಧನ್ಯವಾದ ಹೇಳಬೇಕು. ಪರದೆಯ ಮೇಲೆ ರೈಲು ಬಂದಾಗ ಹೆದರಿ ಕುರ್ಚಿಯ ಕೆಳಗೆ ನುಗ್ಗಿದ ಕಥೆಯನ್ನು ಸೊಗಸಾಗಿ ಹೇಳಿ ಮುಗಿಸಿದ ಮೇಲೆ, "ಆದರೆ ಇದು ನನ್ನ ನೆನಪೋ, ಅಮ್ಮ ಹೇಳಿ ಹೇಳಿ ನನ್ನದಾದದ್ದೋ ಗೊತ್ತಿಲ್ಲ" ಎಂದಳು. ಮೂರು ವರ್ಷಕ್ಕಿಂತ ಮುಂಚಿನ ಘಟನೆಗಳು ದೊಡ್ಡವರಾದ ಮೇಲೆ ನೆನಪಿನಲ್ಲಿ ಉಳಿಯುವುದು ಬಹಳ ಅಪರೂಪ. ಅವಳಿಗಾಗ ಅಷ್ಟೂ ವಯಸ್ಸಾಗಿರಲಿಲ್ಲ. ಸಿನಿಮಾದ ಚರಿತ್ರೆಯಲ್ಲೂ ಇಂಥದ್ದೇ ಒಂದು ಕಥೆಯಿದೆ. 1895ರ ಡಿಸೆಂಬರ್ 28ರಂದು ಲುಮಿಯೇರ್ ಸಹೋದರರು ಪ್ಯಾರಿಸಿನ ಗ್ರಾಂಡ್ ಕೆಫೆಯ ನೆಲಮಾಳಿಗೆಯಲ್ಲಿ ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ಹತ್ತು ಪುಟ್ಟ ಚಿತ್ರಗಳನ್ನು ತೋರಿಸಿದಾಗ, ನುಗ್ಗಿಬರುವ ರೈಲನ್ನು ಕಂಡು ಜನ ದಿಕ್ಕಾಪಾಲಾಗಿ ಓಡಿದರು ಎಂದು ಬಹಳ ಕಡೆ ಬರೆಯುತ್ತಾರೆ. ಆ ದಿನದ ಹತ್ತು ಚಿತ್ರಗಳಲ್ಲಿ ರೈಲಿನ ಚಿತ್ರವೇ ಇರಲಿಲ್ಲ. ಅದನ್ನು ಆಮೇಲೆ ತೋರಿಸಿದಾಗಲೂ ಜನ ಹಾಗೆ ಓಡಿದರೆಂಬುದನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಆದರೂ ಕಥೆ ನಿಂತಿದೆ. ಮೊದಲ ಸಲ ನೋಡಿದವರು ಓಡಿರಲೇಬೇಕು ಎಂದು ನಮಗೆಲ್ಲ ಒಳಗೊಳಗೇ ಆಸೆ.

ಇನ್ನೊಬ್ಬರ ಮಗುವಿನಂಥ ಪ್ರಶ್ನೆಯೂ ನನಗೆ ಬಹುಕಾಲ ಜೊತೆಯಾಗಿತ್ತು: "ತಲೆ ಮಾತ್ರ ಇಷ್ಟು ದೊಡ್ಡದಾಗಿ ಬಂತು, ಮೈ ಎಲ್ಲಿ ಹೋಯ್ತು?" ಸಮೀಪದೃಶ್ಯವನ್ನೂ ಒಂದು ನೋಟದಿಂದ ಇನ್ನೊಂದಕ್ಕೆ ಹಾರುವ ಕತ್ತರಿಯನ್ನೂ ನಾವು ಹುಟ್ಟಿನಿಂದಲೇ ಬಲ್ಲೆವೇ ಎಂದು ಯೋಚಿಸುತ್ತಿದ್ದಾಗ, ಸೊಸೆಮಗಳು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಸಾರವನ್ನು ಓದಿ ಹೇಳಿದಳು. ಟರ್ಕಿಯ ಗುಡ್ಡಗಾಡಿನ ಹಳ್ಳಿಗಳಲ್ಲಿ, ಸಿನಿಮಾ ಟಿವಿಗಳ ಪರಿಚಯವಿಲ್ಲದ ವಯಸ್ಕರಿಗೆ ಪುಟ್ಟ ದೃಶ್ಯತುಣುಕುಗಳನ್ನು ತೋರಿಸಿದಾಗ, ತಮಗೆ ಗೊತ್ತಿರುವ ಕೆಲಸವೊಂದು ಎಳೆಯಾಗಿ ಸಾಗಿದ್ದಲ್ಲಿ ಅವರು ತುಂಡುಗಳನ್ನು ಸಲೀಸಾಗಿ ಜೋಡಿಸಿಕೊಂಡರು. ಅಂಥ ಎಳೆ ಇಲ್ಲದಲ್ಲಿ ತಡವರಿಸಿದರು. ಮೊದಲ ಸಿನಿಮಾದಲ್ಲಿ ಮಗುವಿನ ಕಿವಿಯ ಹತ್ತಿರ ಬಾಗಿ, ಅವನು ಈಗ ಅವಳನ್ನು ನೋಡುತ್ತಿದ್ದಾನೆ, ಇವಳು ಅವನ ತಾಯಿ ಎಂದು ಪಿಸುಗುಟ್ಟುತ್ತಾ, ಹಿಂದಿನ ಸಾಲಿನವರಿಂದ ಬೈಸಿಕೊಳ್ಳುವ ದೊಡ್ಡವರು ಮಾಡುವುದು ಆ ಎಳೆಯನ್ನು ಹಿಡಿಸುವ ಕೆಲಸವನ್ನೇ. ಅವರ ಮೇಲೆ ನಾನಿನ್ನು ಸಿಡಿಮಿಡಿಗೊಳ್ಳಲಾರೆ.

ಎಲ್ಲ ನೆನಪುಗಳೂ ನಗಿಸುವಂಥವಾಗಿರಲಿಲ್ಲ. ಒಬ್ಬರನ್ನು ಮೊದಲ ಸಲ ಸಿನಿಮಾಕ್ಕೆ ಕರೆದೊಯ್ದದ್ದು, ಆ ದಿನ ಮನೆಯಲ್ಲಿ ನಡೆಯುತ್ತಿದ್ದುದು ಅವರ ಕಣ್ಣಿಗೆ ಬೀಳಬಾರದು ಎಂಬ ಕಾರಣಕ್ಕೆ. ತಂದೆ ಇಲ್ಲವಾದ ವಿಷಯ ತಿಳಿದದ್ದು ಹಿಂತಿರುಗಿ ಬಂದ ಮೇಲೆ. ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ ಎಂದರು. ನಾನು ತಲೆ ಎತ್ತಲಾಗದೆ ಕುಳಿತದ್ದರಿಂದಲೇ ಹೇಳಲು ಸಾಧ್ಯವಾಯಿತೆಂದೂ ಸೇರಿಸಿದರು. ಅವರ ಅನುಮತಿ ಪಡೆದೇ ಇಷ್ಟನ್ನು ಬರೆದಿದ್ದೇನೆ.

ನನ್ನ ಸರದಿಯೂ ಬಂತು. ನನ್ನ ಮೊದಲ ಸಿನಿಮಾದ ಹೆಸರು ನನಗೆ ನೆನಪಿಲ್ಲ. ನೆನಪಿರುವುದು, ಮಡಚಿಕೊಳ್ಳುವ ಕುರ್ಚಿಗೆ ನನ್ನ ತೂಕ ಸಾಲದೆ ಅದು ಮತ್ತೆ ಮತ್ತೆ ಮೇಲೆದ್ದು, ಮೊಣಕಾಲು ಗಲ್ಲಕ್ಕೆ ತಾಗುವಂತೆ ನನ್ನನ್ನು ನಡುವೆ ಮಡಚಿ ಹಾಕುತ್ತಿದ್ದುದು. ಪಕ್ಕದಲ್ಲಿ ಕುಳಿತಿದ್ದ ಅಣ್ಣ ಕುರ್ಚಿಯ ಅಂಚನ್ನು ಅಂಗೈಯಿಂದ ಅದುಮಿ ಹಿಡಿದ. ಕೈ ನೋಯತೊಡಗಿದಾಗ ಇನ್ನೊಂದು ಕೈಗೆ ಬದಲಿಸಿಕೊಳ್ಳುವ ಆ ಒಂದು ಕ್ಷಣದಲ್ಲಿ ಕುರ್ಚಿ ನನ್ನನ್ನು ಅಲ್ಲಾಡಿಸುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ಸಿನಿಮಾ ಮುಗಿಯುವವರೆಗೂ ಅವನು ಹಾಗೇ ಕುಳಿತಿದ್ದ. ಈ ಸಲ ನನ್ನನ್ನು ಆಸ್ಪತ್ರೆಗೆ ಕರೆದೊಯ್ದವನೂ, ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಹಾಕಿದವನೂ, ರಾತ್ರಿ ನಿದ್ದೆಯಲ್ಲಿ ನಾನು ಮಗ್ಗುಲು ಬದಲಿಸದಂತೆ ಕಾವಲು ಕುಳಿತವನೂ ಅವನೇ. ಕುರ್ಚಿಯ ಸಂಗತಿಯನ್ನು ಹೇಳಿದರೆ, "ಹಾಗೇನೂ ಇರಲಿಲ್ಲ, ನಿನಗೆ ಬೇರೆ ಯಾರದೋ ನೆನಪು" ಎಂದುಬಿಟ್ಟ. ಅವನೊಂದಿಗೆ ವಾದ ಮಾಡುವುದಿಲ್ಲ. ಧನ್ಯವಾದವನ್ನು ಮಾತ್ರ ಇಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ.

ಚಿಕಿತ್ಸೆ ಮಾಡಿದ ವೈದ್ಯರಿಗೂ, ಕತ್ತಿನ ಕೆಳಗೆ ದಿಂಬು ಹೇಗಿಟ್ಟುಕೊಂಡರೆ ಉಸಿರು ಸರಾಗವಾಗುತ್ತದೆ ಎಂದು ತೋರಿಸಿಕೊಟ್ಟ ಶುಶ್ರೂಷಕಿಯರಿಗೂ ನಾನು ಋಣಿ. ಅನಿಲ ಕರಗುತ್ತಾ ಬಂದಂತೆ ಅದರ ಅಂಚು ನೀರಿನ ಮಟ್ಟದಂತೆ ದಿನದಿನಕ್ಕೂ ಕೆಳಗಿಳಿದು, ಅದರ ಮೇಲ್ಭಾಗದಿಂದ ಲೋಕ ಸ್ವಲ್ಪಸ್ವಲ್ಪವೇ ತೆರೆದುಕೊಂಡಿತು. ಈಗ ಅದು ಪೂರ್ತಿ ಮಾಯವಾಗಿದೆ. ರಂಧ್ರ ಮುಚ್ಚಿದೆ ಎಂದು ವೈದ್ಯರು ಹೇಳಿದ್ದಾರೆ. ಬಾಗಿಲ ಚೌಕಟ್ಟು ಇನ್ನೂ ತುಸು ಡೊಂಕಾಗಿ ಕಾಣುತ್ತದೆಯಾದರೂ ಮುಖಗಳು ಕಾಣುತ್ತವೆ.

"ನನ್ನದು ಆಮೇಲೆ ಹೇಳುತ್ತೇನೆ" ಎಂದು ಎದ್ದು ಹೋದವರು ಕೆಲವರಿದ್ದೀರಿ, ಅವರು ಯಾರೆಂಬುದು ನನಗೆ ಚೆನ್ನಾಗಿ ನೆನಪಿದೆ. ದಯವಿಟ್ಟು ಬನ್ನಿ. ಮುಖ ನೋಡುತ್ತಿದ್ದರೆ ಹೇಳಲು ಸಂಕೋಚವಾಗುವುದಾದರೆ ತಿಳಿಸಿ, ಇನ್ನೊಂದು ಅರ್ಧ ಗಂಟೆ ತಲೆ ತಗ್ಗಿಸಿ ಕುಳಿತುಕೊಳ್ಳಲು ನನ್ನ ಅಭ್ಯಂತರವಿಲ್ಲ. ಕತ್ತಿಗೆ ಈಗ ರೂಢಿಯಾಗಿದೆ.