ನಡುದಾರಿಯಲ್ಲಿ ಆರಿದರೆ

ಕೊಪ್ಪ
ಆಷಾಢ, ಗುರುವಾರ ರಾತ್ರಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ, ಅದರ ಜೊತೆಗಿದ್ದ ಕಿರುಬೆರಳಿನಂಥ ಎರಡು ಬ್ಯಾಟರಿ ಟಾರ್ಚು, ಎಲ್ಲ ಹೋದ ವಾರದ ಸೋಮವಾರವೇ ಬಂದವು. ಮನೆಯ ಸುದ್ದಿ ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. "ಕೀ ಗೊಂಚಲಿಗೆ ಸಿಕ್ಕಿಸಿಕೊಂಡು ದಿನಾ ಒಯ್ಯೋಕೆ ಎರಡರಲ್ಲಿ ಯಾವುದು ಆದೀತು, ನೀವು ರಿಪೇರಿಯವರು, ನೋಡಿ ಹೇಳಿ" ಅಂತ ಕೇಳಿದ್ದೆ. ಅಷ್ಟೇ ಆಗಿದ್ದರೆ ಮಾರನೇ ದಿನವೇ ನಾಲ್ಕು ಸಾಲು ಗೀಚಿ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದೆ. ಆದರೆ ಕಾಗದದ ಅಂಚಿನಲ್ಲಿ, ಬೇರೆ ಪೆನ್ನಿನಲ್ಲಿ, ಆಮೇಲೆ ನೆನಪಾದ ಹಾಗೆ ಒಂದು ಸಾಲು ಸೇರಿಸಿದ್ದೀಯಲ್ಲ, "ಹಳ್ಳ ದಾಟುವ ಸಂಕದ ಮೇಲೆ ಇದ್ದಾಗಲೇ ಇದು ಆರಿಹೋದರೆ ಏನು ಮಾಡಲಿ ದೊಡ್ಡಪ್ಪಾ?" ಅಂತ. ಹತ್ತು ದಿನದಿಂದ ಆ ಸಾಲೇ ತಲೆಯಲ್ಲಿ ಸುತ್ತುತ್ತಿದೆ. ಅಂಗಡಿಯಲ್ಲಿ ಬೆಸುಗೆ ಹಾಕುತ್ತಾ ಕೂತಾಗಲೂ ಅದೇ, ರಾತ್ರಿ ಮಗ್ಗುಲು ಬದಲಿಸಿದಾಗಲೂ ಅದೇ.

ಅಪ್ಪನ ಕಾಲು ನೋಡುತ್ತಾ ಬೆಳೆದವಳು, ನಿನಗೆ ಆ ಹೆದರಿಕೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ ಬಿಡು.

ಮೊದಲು ಚಾರ್ಜ್ ಮಾಡುವ ಬ್ಯಾಟರಿಯ ವಿಷಯ. ಡಬ್ಬಿಯ ಮೇಲೆ 400 ಲ್ಯೂಮೆನ್ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಒಂದು ಮೇಣದಬತ್ತಿ ಸುತ್ತಲೂ ಚೆಲ್ಲುವ ಬೆಳಕು ಹೆಚ್ಚುಕಮ್ಮಿ 12 ಲ್ಯೂಮೆನ್, ಅಂದರೆ ಮೂವತ್ತಕ್ಕೂ ಮಿಕ್ಕಿ ಮೇಣದಬತ್ತಿ ನಿನ್ನ ಬೆರಳ ತುದಿಯಲ್ಲಿ! ಜಗಲಿಯಲ್ಲಿ ನಿಂತು ಒತ್ತಿದೆ. ಅಂಗಳದಾಚೆಯ ಹಲಸಿನ ಮರದಲ್ಲಿ ಎಲೆ ಎಣಿಸಬಹುದಿತ್ತು. ನಿನ್ನ ದೊಡ್ಡಮ್ಮ ಒಳಗಿನಿಂದ "ಮಿಂಚು ಹೊಡೀತಾ?" ಅಂದಳು. ಎರಡು ನಿಮಿಷಕ್ಕೆ ಅದರ ಮೈ ಕಾದು ಕೈಯಲ್ಲಿ ಹಿಡಿಯುವುದೇ ಕಷ್ಟವಾಯಿತು, ಮೂರನೇ ನಿಮಿಷಕ್ಕೆ ಬೆಳಕು ತಾನಾಗಿ ತಗ್ಗಿತು. ಅದು ಕೆಟ್ಟು ಹಾಗಾದದ್ದಲ್ಲ. ಅಷ್ಟು ಸಣ್ಣ ಮೈಯಲ್ಲಿ ಶಾಖ ಹೊರಗೆ ಹೋಗಲು ಜಾಗವಿಲ್ಲ, ತಗ್ಗಿಸದಿದ್ದರೆ ಎಲ್‌ಇಡಿ ಹಾಳಾಗುತ್ತದೆ ಅಂತ ಮಾಡಿದವರೇ ಹಾಗೆ ಇಟ್ಟಿರುತ್ತಾರೆ. ಆದರೆ ಡಬ್ಬಿ ಅದನ್ನು ಹೇಳುವುದಿಲ್ಲ ನೋಡು. ಈ ಲೆಕ್ಕಕ್ಕೆಲ್ಲ ಅಮೆರಿಕದ ಎಎನ್‌ಎಸ್‌ಐ ಎಫ್‌ಎಲ್1 ಅನ್ನುವ ಮಾನದಂಡ ಇದೆ. ಅದರ ಪ್ರಕಾರ ಅಳೆದರೂ ಲ್ಯೂಮೆನ್ ಅಳೆಯುವುದು ಹೊತ್ತಿಸಿದ ಮೊದಲ ಎರಡು ನಿಮಿಷದೊಳಗೆ. ಇಷ್ಟು ಗಂಟೆ ಉರಿಯುತ್ತದೆ ಅನ್ನುವುದು, ಆ ಮೊದಲ ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುವವರೆಗಿನ ಹೊತ್ತು. ಇಷ್ಟು ಮೀಟರ್ ದೂರ ಅನ್ನುವುದು, ಬೆಳಕು 0.25 ಲಕ್ಸ್‌ಗೆ, ಅಂದರೆ ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ ಇಳಿಯುವ ಜಾಗ. ಬೆಳದಿಂಗಳಲ್ಲಿ ದಾರಿ ಕಾಣುತ್ತದೆ, ಒಪ್ಪಿದೆ. ದಾರಿಯ ಮೇಲೆ ಮಲಗಿದ್ದು ಬಳ್ಳಿಯೋ ಹಾವೋ ಕಾಣುತ್ತದೆಯೇ?

ಜಗಲಿಯಲ್ಲಿ ಒತ್ತಿ ನೋಡಿದ ಬೆಳಕನ್ನು ನಂಬಬೇಡ, ಪುಟ್ಟಿ. ಇದನ್ನು ನಾನು ಡಬ್ಬಿ ಓದಿ ಕಲಿತದ್ದಲ್ಲ.

1984ರ ಆಷಾಢ. ಆ ರಾತ್ರಿ ನಿಮ್ಮಪ್ಪ ಯಾಕೆ ಹೋದ, ಎಲ್ಲಿ ಬಿದ್ದ, ಯಾರು ಹೊತ್ತು ತಂದರು ಅನ್ನುವುದೆಲ್ಲ ನಿನಗೆ ಬಾಯಿಪಾಠ, ಅದನ್ನು ಬಿಡುತ್ತೇನೆ. ಬ್ಯಾಟರಿ ನಡುವೆ ಆರಿಹೋಯಿತು ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ಯಾಕೆ ಆರಿತು ಅಂತ ಯಾರೂ ಕೇಳಲಿಲ್ಲ. ಮಳೆಗಾಲದಲ್ಲಿ ಬ್ಯಾಟರಿ ಆರುವುದು ಹೊಸ ಸಂಗತಿಯೇನೂ ಆಗಿರಲಿಲ್ಲ.

ಮನೆಯಲ್ಲಿ ಇದ್ದದ್ದು ಹಿತ್ತಾಳೆಯ ಮೂರು ಶೆಲ್ಲಿನ ಬ್ಯಾಟರಿ ಒಂದೇ. ನಮ್ಮ ರೇಡಿಯೋಕ್ಕೂ ಮೂರೇ ಶೆಲ್ಲು. ಆಗಿನ್ನೂ ನಾನು ಅಂಗಡಿ ಇಟ್ಟಿರಲಿಲ್ಲ, ರೇಡಿಯೋ ಬಿಚ್ಚುವ ಹುಚ್ಚು ಮಾತ್ರ ಹಿಡಿದಿತ್ತು. ಭದ್ರಾವತಿ ಆಕಾಶವಾಣಿಯಲ್ಲಿ ರಾತ್ರಿ ನಾಟಕ ಇತ್ತು. ಬ್ಯಾಟರಿಯೊಳಗಿನ ಹೊಸ ಶೆಲ್ಲು ಮೂರನ್ನೂ ಸಂಜೆಯೇ ತೆಗೆದು ರೇಡಿಯೋಕ್ಕೆ ಹಾಕಿಕೊಂಡೆ. ರೇಡಿಯೋದಲ್ಲಿದ್ದ ಹಳೆಯವನ್ನು ಬಚ್ಚಲೊಲೆಯ ಕಟ್ಟೆಯ ಮೇಲಿಟ್ಟು ಬೆಚ್ಚಗೆ ಮಾಡಿ ಬ್ಯಾಟರಿಗೆ ತುಂಬಿದೆ. ಬೇಸಿಗೆಯಾದರೆ ಬಿಸಿಲಿಗಿಡುತ್ತಿದ್ದೆವು, ಆಷಾಢದಲ್ಲಿ ಬಿಸಿಲೆಲ್ಲಿ? (ನೀನು ಈಗಿನ ಶೆಲ್ಲಿಗೆ ಇದನ್ನೆಲ್ಲ ಮಾಡಲು ಹೋಗಬೇಡ ಮಾರಾಯ್ತಿ, ಒಡೆದಾವು.) ಆ ಕಾಲದ ಶೆಲ್ಲಿನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಸವೆಯುತ್ತಾ ಕರೆಂಟು ಕೊಡುತ್ತಿತ್ತು. ಮುಗಿಯುತ್ತಾ ಬಂದದ್ದನ್ನು ಬೆಚ್ಚಗೆ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಒಂದಿಷ್ಟು ಜೀವ ಬರುತ್ತದೆ. ಮೊದಲ ಕೆಲವು ನಿಮಿಷ ಹೊಸದರ ಹಾಗೇ ಇರುತ್ತದೆ, ಆಮೇಲೆ ಹಳದಿ, ಆಮೇಲೆ ಕೆಂಪು, ಆಮೇಲೆ ಬಲ್ಬಿನೊಳಗೆ ಬರೀ ತಂತಿ ಕಾಣುತ್ತದೆ.

ನಿಮ್ಮಪ್ಪ ಹೊರಡುವಾಗ ಜಗಲಿಯಲ್ಲಿ ನಿಂತು ಒತ್ತಿ ನೋಡಿದ. ಚೆನ್ನಾಗಿಯೇ ಬಂತು. "ಲಾಯ್ಕಿದೆ" ಅಂದ. ನಾನು ರೇಡಿಯೋದ ಪಕ್ಕ ಕೂತಿದ್ದೆ.

ಯಾವ ನಾಟಕ ಅಂತ ಈಗ ನೆನಪಿಲ್ಲ. ನಲವತ್ತು ವರ್ಷದಲ್ಲಿ ಎಷ್ಟೋ ಸಲ ನೆನಪು ಮಾಡಿಕೊಳ್ಳಲು ನೋಡಿದ್ದೇನೆ. ಹೆಸರು ಹೋಗಲಿ, ಒಂದು ಮಾತಾದರೂ ನೆನಪಿರಬೇಕಿತ್ತಲ್ಲ.

ಅದಕ್ಕೇ ನಿನ್ನ ಆ ಸಾಲು ಓದಿದಾಗ ಕೈ ನಡುಗಿತು. ಆರಿದರೆ ಏನು ಮಾಡಲಿ ಅಂತ ನೀನು ಕೇಳುತ್ತಿರುವುದು ಯಾರ ಹತ್ತಿರ ಅನ್ನಿಸಿತು.

ಇರಲಿ. ಆರುವುದರಲ್ಲೂ ಎರಡು ತರ ಇದೆ, ಅದನ್ನು ಹೇಳಬೇಕು. ನೀನು ಕಳಿಸಿದ ಎರಡನ್ನೂ ಬಕೀಟಿನ ಅಡಿಯಲ್ಲಿ ಹೊತ್ತಿಸಿಟ್ಟು ಪಕ್ಕದಲ್ಲಿ ಅಲಾರಂ ಗಡಿಯಾರ ಇಟ್ಟುಕೊಂಡು ಅರ್ಧ ಗಂಟೆಗೊಮ್ಮೆ ಎತ್ತಿ ನೋಡಿದೆ. ಎರಡೂ ನಡುವಿನ ಬೆಳಕಿನಲ್ಲಿ. ಚಾರ್ಜಿನದು ಮೂರೂವರೆ ಗಂಟೆ ಒಂದೇ ಸಮ ಉರಿಯಿತು. ನಾನು ಬಕೀಟು ಎತ್ತಿ ಹಿಡಿದುಕೊಂಡೇ ಇದ್ದೆ, ಒಂದು ಸಲ ಕಣ್ಣು ಮಿಟುಕಿಸಿದ ಹಾಗಾಗಿ ಪಟ್ಟಂತ ಆರಿತು. ಆಮೇಲೆ ಎಷ್ಟು ಒತ್ತಿದರೂ ಇಲ್ಲ. ಲಿಥಿಯಂ ಶೆಲ್ಲನ್ನು ಪೂರ್ತಿ ಬತ್ತಿಸಿದರೆ ಅದು ಕೆಡುತ್ತದೆ, ಹಾಗಾಗಿ ಒಳಗಿನ ಸರ್ಕ್ಯೂಟು ಒಂದು ಮಟ್ಟಕ್ಕೆ ಬಂದ ಕೂಡಲೇ ಕಡಿದುಹಾಕುತ್ತದೆ. ಯಂತ್ರದ ಮಟ್ಟಿಗೆ ಅದು ಸರಿಯೇ. ಸಂಕದ ಮೇಲಿರುವವಳ ಮಟ್ಟಿಗೆ?

ಇನ್ನೊಂದು, ರಿಮೋಟಿಗೆ ಹಾಕುವ ಸಣ್ಣ ಶೆಲ್ಲಿನದು, ತಲೆ ತಿರುವಿದರೆ ಹೊತ್ತುತ್ತದಲ್ಲ, ಅದು ಅಷ್ಟೇನೂ ಜೋರಲ್ಲ. ಅಲ್ಕಲೈನ್ ಶೆಲ್ಲು ಹಾಕಿ ನೋಡಿದೆ. ನಾಲ್ಕು ಗಂಟೆ ಚೆನ್ನಾಗಿ ಉರಿದು, ಆಮೇಲೆ ಕುಗ್ಗುತ್ತಾ ಕುಗ್ಗುತ್ತಾ ಇನ್ನೂ ಒಂದು ಗಂಟೆಯ ಮೇಲೆ ಎಳೆಯಿತು. ಕೊನೆಗೆ ಅಂಗೈ ಗೆರೆ ಕಾಣುವಷ್ಟು ಇತ್ತು. ಹೋಗುತ್ತೇನೆ ಅಂತ ಹೇಳಿ ಹೋಗುವ ಬೆಳಕು. ನನಗೆ ಮನಸ್ಸು ಅದರ ಮೇಲೇ ಹೋಯಿತು. ಇದು ರಿಪೇರಿಯವನ ಮಾತಲ್ಲ, ಹೆದರಿದವನ ಮಾತು, ನೀನು ಬೇಕಾದರೆ ಬಿಡಬಹುದು.

ಅದಕ್ಕೂ ಕೊರೆ ಇದೆ. ಅಲ್ಕಲೈನ್ ಶೆಲ್ಲನ್ನು ತಿಂಗಳುಗಟ್ಟಲೆ ಒಳಗೇ ಮರೆತರೆ ಸೋರಿ ಬಿಳೀ ಪುಡಿ ಕಟ್ಟಿ ಸ್ಪ್ರಿಂಗು ತಿಂದುಹಾಕುತ್ತದೆ. ಅಂಗಡಿಗೆ ಬರುವ ರಿಮೋಟುಗಳಲ್ಲಿ ಅರ್ಧ ಆ ರೋಗದವೇ. ಚಾರ್ಜ್ ಆಗುವ ನಿಕಲ್ ಶೆಲ್ಲು, ಅದೇ 1.2 ವೋಲ್ಟಿನದು, ಅಷ್ಟು ಸುಲಭಕ್ಕೆ ಸೋರುವುದಿಲ್ಲ. ಆದರೆ ಅದು ಕೊನೆಯವರೆಗೂ ಸಮನಾಗಿ ಇದ್ದು ಆಮೇಲೆ ಬೇಗ ಕೂತುಬಿಡುತ್ತದೆ. ದಿನಾ ಅದನ್ನೇ ಹಾಕಿಕೊಂಡು ಭಾನುವಾರ ಭಾನುವಾರ ಚಾರ್ಜ್ ಮಾಡಿದರೆ ಸಾಕೇನೋ. ಚಾರ್ಜ್ ಆಗದ 1.5 ವೋಲ್ಟಿನ ಲಿಥಿಯಂ ಶೆಲ್ಲು ಅಂತಲೂ ಸಿಗುತ್ತದೆ, ಬೆಲೆ ಜಾಸ್ತಿ, ಆದರೆ ಹಗುರ, ಹತ್ತು ವರ್ಷ ಇಟ್ಟರೂ ಇರುತ್ತದೆ. ಅದೊಂದನ್ನು ಪರ್ಸಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟುಕೋ. ಸುತ್ತದೆ ಚಿಲ್ಲರೆ ಜೊತೆ ಹಾಕಬೇಡ, ಶಾರ್ಟ್ ಆದೀತು.

ಕತ್ತಲೆಯಲ್ಲಿ, ಮಳೆಯಲ್ಲಿ, ಕೊಡೆ ಹಿಡಿದುಕೊಂಡು ಅಷ್ಟು ಸಣ್ಣ ಶೆಲ್ಲು ಬದಲಿಸಲು ಆಗುತ್ತದೆಯೇ ಅಂತ ನೀನು ಕೇಳುತ್ತೀಯ. ಕೇಳಲೇಬೇಕು. ನಾನು ಕಣ್ಣು ಮುಚ್ಚಿಕೊಂಡು ಹತ್ತು ಸಲ ಮಾಡಿ ನೋಡಿದೆ, ನಾಲ್ಕು ಸಲ ಶೆಲ್ಲು ಕೆಳಗೆ ಬಿತ್ತು. ನನಗೆ ವಯಸ್ಸಾಗಿದೆ, ನಿನ್ನ ಬೆರಳು ಚುರುಕು. ಆದರೂ ಸಂಕದ ಮೇಲೆ ನಿಂತು ಆ ಕೆಲಸಕ್ಕೆ ಹೋಗಬೇಡ. ಆರಿದರೆ ನಿಲ್ಲು. ಅಷ್ಟೇ ನನಗೆ ಗೊತ್ತಿರುವುದು. ಕೈಹಿಡಿ ಇದ್ದರೆ ಹಿಡಿದುಕೋ, ಇಲ್ಲದಿದ್ದರೆ ಅಲ್ಲೇ ಕೂತುಬಿಡು, ಬಟ್ಟೆ ಒದ್ದೆಯಾದರೆ ಆಗಲಿ, ಇಂಬಳ ಹತ್ತಿದರೆ ಹತ್ತಲಿ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಆದರೆ ಐದು ನಿಮಿಷಕ್ಕೇ ಆಕಾಶ ಎಲ್ಲಿ, ಮರ ಎಲ್ಲಿ ಅನ್ನುವಷ್ಟು ಬಿಡಿಸುತ್ತದೆ. ನಿಮ್ಮಪ್ಪ ನಿಲ್ಲಲಿಲ್ಲ. ನಿಲ್ಲುವ ರಾತ್ರಿ ಅದಾಗಿರಲಿಲ್ಲ, ಅದೂ ನಿನಗೆ ಗೊತ್ತು.

ಇದಕ್ಕೇ ಹೇಳುವುದು, ನಡೆಯುವಾಗ ಸಣ್ಣ ಬೆಳಕಿನಲ್ಲೇ ನಡೆ. ಹತ್ತು ಲ್ಯೂಮೆನ್ ಇದ್ದರೆ ಕಾಲಿನ ಮುಂದೆ ನಾಲ್ಕು ಹೆಜ್ಜೆ ಧಾರಾಳ ಕಾಣುತ್ತದೆ. ಜೋರು ಬೆಳಕಿನಲ್ಲಿ ಕಣ್ಣು ಕುರುಡಾಗಿರುತ್ತದೆ, ಅದು ಆರಿದ ಮೇಲೆ ಕತ್ತಲೆ ಎರಡು ಪಟ್ಟು. ಮಂಜು ಇಳಿದಾಗಲಂತೂ ಜೋರು ಬೆಳಕು ಗೋಡೆಯ ಹಾಗೆ ಮುಖಕ್ಕೇ ವಾಪಸು ಬರುತ್ತದೆ. ಸೊಂಟದ ಹತ್ತಿರ ಹಿಡಿದು ನೆಲಕ್ಕೆ ಬಿಡು. ತರಗೆಲೆಯ ಮೇಲೆ ಮಂಡಲದ ಹಾವು ಮಲಗಿದ್ದರೆ ಆ ನೀಲಿ-ಬಿಳಿ ಬೆಳಕಿನಲ್ಲಿ ಎಲ್ಲ ಒಂದೇ ಬೂದಿ ಬಣ್ಣ. ಸ್ವಲ್ಪ ಹಳದಿ ಕಡೆಗಿರುವ, ಬಣ್ಣ ಸರಿಯಾಗಿ ತೋರಿಸುವ ಎಲ್‌ಇಡಿ ಬರುತ್ತದೆ. ಸಿಆರ್‌ಐ 90 ಅಥವಾ ಮೇಲೆ ಅಂತ ಬರೆದಿರುತ್ತಾರೆ. ನೀನು ಕಳಿಸಿದ ಎರಡೂ ಅದಲ್ಲ. ಮುಂದೆ ಯಾವತ್ತಾದರೂ ಕೊಂಡರೆ ನೋಡು.

ಫೋನಿನಲ್ಲೇ ಲೈಟ್ ಇದೆಯಲ್ಲ ಅಂತ ನಿಮ್ಮಮ್ಮ ಹೇಳಿದಳಂತೆ. ಇದೆ. ಎರಡನೆಯದಾಗಿ ಇರಲಿ. ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ, ಕೈಜಾರಿ ಹಳ್ಳಕ್ಕೆ ಬಿದ್ದರೆ ಬೆಳಕಿನ ಜೊತೆ ಕರೆಯುವ ದಾರಿಯೂ ಹೋಗುತ್ತದೆ.

ಚಾರ್ಜಿನದನ್ನು ಒಂದು ರಾತ್ರಿ ಚೊಂಬಿನ ನೀರಿನಲ್ಲಿ ಮುಳುಗಿಸಿಟ್ಟಿದ್ದೆ. ನಿನ್ನ ದುಡ್ಡಿನ ಸಾಮಾನು, ಕೇಳದೇ ಮಾಡಿದೆ, ಬೈಬೇಡ. ಅದರ ಡಬ್ಬಿಯ ಮೇಲಿದ್ದದ್ದು ಐಪಿಎಕ್ಸ್4, ಅಂದರೆ ನೀರು ಸಿಡಿದರೆ ತೊಂದರೆಯಿಲ್ಲ ಅಂತ ಮಾತ್ರ, ಮುಳುಗಿಸಬಹುದು ಅಂತಲ್ಲ. ಬೆಳಿಗ್ಗೆ ಗಾಜಿನೊಳಗೆ ಮಂಜು ಕೂತಿತ್ತು. ಚಾರ್ಜಿನ ತೂತಿಗೆ ಇರುವ ರಬ್ಬರ್ ಮುಚ್ಚಳ ಒಂದು ಮೂಲೆಯಲ್ಲಿ ಎದ್ದೇ ಇರುತ್ತದೆ, ಉಗುರಿನಲ್ಲಿ ಒತ್ತಿದರೂ ಕೂರುವುದಿಲ್ಲ. ಒಣಗಿಸಿಟ್ಟಿದ್ದೇನೆ, ಉರಿಯುತ್ತದೆ. ಮನೆಯೊಳಗೆ ಇಟ್ಟುಕೋ.

ಕೀ ಗೊಂಚಲಿನ ವಿಷಯ ಮರೆತೆ. ಕೀ ಎಲ್ಲಿರುತ್ತದೋ ಬ್ಯಾಟರಿಯೂ ಅಲ್ಲೇ, ಬಾಗಿಲಿಗೆ ಕೀ ಹಾಕಿ ಬಿಟ್ಟು ಬಂದರೆ ಎರಡೂ ಬಾಗಿಲಲ್ಲೇ. ಬಿಚ್ಚಿ ಹಾಕುವಂಥ ಕೊಂಡಿ ಒಂದು ಸಿಕ್ಕಿಸಿದ್ದೇನೆ. ಬ್ಯಾಗಿನೊಳಗೆ ಉಜ್ಜಿ ತಾನಾಗಿ ಹೊತ್ತಿಕೊಂಡು ಹಗಲೆಲ್ಲ ಉರಿದು ಸಂಜೆಗೆ ಖಾಲಿಯಾಗುವುದೂ ಉಂಟು, ಹಾಗಾಗಿ ತಲೆಯನ್ನು ಇನ್ನೊಂದು ಕಾಲು ಸುತ್ತು ಸಡಿಲ ಮಾಡಿ ಒಳಗಿಡು. ಇದೆಲ್ಲ ನಿನಗೆ ಗೊತ್ತಿರುತ್ತದೆ, ಮುದುಕನ ಅಭ್ಯಾಸ, ಹೇಳುತ್ತಾ ಹೋಗುತ್ತೇನೆ.

ಇನ್ನೊಂದು ಬರೆಯಬೇಕೋ ಬೇಡವೋ ಅಂತ ಎರಡು ದಿನ ಕೂತೆ. ಹಳ್ಳದ ಬದಿಯಲ್ಲಿ ಸಿಕ್ಕಿದ ಆ ಹಿತ್ತಾಳೆ ಬ್ಯಾಟರಿಯನ್ನು ಯಾರೋ ತಂದು ನಿಮ್ಮಪ್ಪನ ಮಂಚದ ಹತ್ತಿರ ಇಟ್ಟಿದ್ದರು. ಕಾಲಿಗೆ ಹಲಗೆ ಕಟ್ಟಿತ್ತು. ಮಲಗಿದ್ದಲ್ಲೇ ಮುಚ್ಚಳ ತಿರುವಿ ಶೆಲ್ಲು ಮೂರನ್ನೂ ಎದೆಯ ಮೇಲೆ ಸುರಿದುಕೊಂಡ. ಶೆಲ್ಲು ತಂದ ದಿನ ನೀಲಿ ಶಾಯಿಯಲ್ಲಿ ಅದರ ಮೈಮೇಲೆ ತಾರೀಕು ಬರೆಯುವುದು ನನ್ನ ರೂಢಿ, ಈಗಲೂ ಇದೆ. ಒಂದೊಂದನ್ನೂ ತಿರುಗಿಸಿ ನೋಡಿದ. ಮಾರ್ಚ್ ತಿಂಗಳ ತಾರೀಕು. ತಿರುಗಿ ಒಳಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಗೋಡೆಯ ಕಡೆಗೆ ಇಟ್ಟ. "ರೇಡಿಯೋ ಹಾಕು, ಹೊತ್ತು ಹೋಗಲ್ಲ" ಅಂದ.

ಆಮೇಲೂ ಒಂದು ದಿನ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವನು ನೋಡಿದ್ದು ತಾರೀಕನ್ನೇ ಹೌದೋ ಅಲ್ಲವೋ ಅಂತ ಇವತ್ತಿಗೂ ನನಗೆ ತಿಳಿಯದು. ಈ ಕಾಗದ ಅವನಿಗೆ ತೋರಿಸಬೇಡ ಅನ್ನಲು ನನಗೆ ಬಾಯಿಲ್ಲ. ನಿನಗೆ ಹೇಗೆ ಕಾಣುತ್ತದೋ ಹಾಗೆ ಮಾಡು.

ತಾಲ್ಲೂಕಿನ ಮೀಟಿಂಗು ತಡವಾದ ದಿನ ಸಂಜೆಯ ಬಸ್ಸು ಬಿಟ್ಟು ಅಲ್ಲೇ ಯಾರ ಮನೆಯಲ್ಲಾದರೂ ಉಳಿದುಕೊಂಡರೆ ಆಗುವುದಿಲ್ಲವೇ? ಶಾಲೆಗೆ ಒಂದು ದಿನ ತಡವಾದರೆ ಬೈಯುತ್ತಾರೆ, ಬೈಯಲಿ. ಇದನ್ನು ಹೇಳಬಾರದು, ಕೆಲಸ ಸಿಕ್ಕಿ ಇನ್ನೂ ವರ್ಷ ತುಂಬಿಲ್ಲ ನಿನಗೆ. ಆದರೂ ಬರೆದುಬಿಟ್ಟೆ.

ತಿರುವುವ ಬ್ಯಾಟರಿಯ ತಿರುಪಿಗೆ, ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿದ್ದೇನೆ, ಇನ್ನು ಒಂದೇ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ಕ್ರಾಸಿನ ಅಂಗಡಿಯಲ್ಲಿ ಕೇಳಿ ಇಸಿದುಕೋ. ಒಳಗೆ ಒಂದು ಶೆಲ್ಲು ಇದೆ, ಹೊರಗೆ ಕಾಗದ ಸುತ್ತಿ ಎರಡು ಇಟ್ಟಿದ್ದೇನೆ. ಮೂರರ ಮೇಲೂ ತಾರೀಕು ಬರೆದಿದೆ. ಹೊಸವೇ, ನಿನ್ನೆ ತಂದದ್ದು.

ಇಂತು ನಿನ್ನ
ದೊಡ್ಡಪ್ಪ