ಗುಡ್ಡದ ಒರತೆ ಉಳಿಸಿಕೊಡಿ: ಗ್ರಾಮ ಪಂಚಾಯಿತಿಗೆ ಊರಿನವರ ಮನವಿ

ಗೆ,
ಅಧ್ಯಕ್ಷರು ಮತ್ತು ಪಿಡಿಒ ಅವರಿಗೆ,
ಗ್ರಾಮ ಪಂಚಾಯಿತಿ, ಆನೇಕಲ್ ತಾಲ್ಲೂಕು, ಬೆಂಗಳೂರು ನಗರ ಜಿಲ್ಲೆ

ವಿಷಯ: ಗುಡ್ಡದ ಬುಡದ ಒರತೆ ಮತ್ತು ಅದರ ಮೇಲಿನ ಗೋಮಾಳ ಉಳಿಸುವ ಬಗ್ಗೆ

ಮಾನ್ಯರೇ,

ಬನ್ನೇರುಘಟ್ಟ ಕಾಡಿನ ಅಂಚಿನ ನಮ್ಮ ಊರಿಗೆ ಬೋರ್‌ವೆಲ್ ಬರುವ ಮೊದಲು ಕುಡಿಯುವ ನೀರು ಅಂದರೆ ಈ ಒರತೆಯೇ. ಈಗಲೂ ಅದು ಬತ್ತಿಲ್ಲ. ಮಳೆಗಾಲ ಮುಗಿದ ಮೇಲೂ ಬಂಡೆಯ ಸೀಳಿನಿಂದ ನೀರು ಬಂದು ಕಲ್ಲಿನ ದೋಣಿಗೆ ಬೀಳುತ್ತದೆ, ಶಿವರಾತ್ರಿ ಕಳೆದರೆ ಮಾತ್ರ ಬರೀ ಹನಿ. ದೋಣಿ ತುಂಬ ಕೊಳೆತ ಎಲೆ, ಪ್ಲಾಸ್ಟಿಕ್ ಕವರ್. ಸೀಳಿನ ಬಾಯಿಗೇ ಯಾರೋ ಸಿಮೆಂಟ್ ಮೆತ್ತಿದ್ದಾರೆ, ಅರ್ಧ ನೀರು ಪಕ್ಕದ ಮಣ್ಣಿನಲ್ಲಿ ಜಿನುಗಿ ಸುಮ್ನೆ ಕೆಸರಾಗುತ್ತಿದೆ.

ದೋಣಿ ತೊಳೆಸಿದರೆ ಸಾಲದು. ಒರತೆಗೆ ನೀರು ಕೊಡುವುದು ಮೇಲಿನ ಗೋಮಾಳ. ಅಲ್ಲಿ ಬಿದ್ದ ಮಳೆ ಮಣ್ಣಿನಲ್ಲಿ ಇಂಗಿ, ಕೆಳಗಿನ ಪುಡಿಗಲ್ಲಿನ ಪದರದಲ್ಲಿ ನಿಂತು, ಗಟ್ಟಿ ಬಂಡೆಯ ಬಿರುಕು ಹಿಡಿದು ನಿಧಾನಕ್ಕೆ ಇಳಿದು ಇಲ್ಲಿ ಹೊರಗೆ ಬರುತ್ತದೆ. ಆ ಗೋಮಾಳಕ್ಕೇ ಈಗ ಜೆಸಿಬಿ ಇಳಿಸಿ ಲೋಡುಗಟ್ಟಲೆ ಮಣ್ಣು ಸಾಗಿಸುತ್ತಿದ್ದಾರೆ. ಮಣ್ಣು ಹೋದರೆ ಮಳೆನೀರು ಇಂಗದೆ ಹರಿದುಹೋಗುತ್ತದೆ. ಹತ್ತಿರದಲ್ಲಿ ಬೋರ್ ಕೊರೆದರೂ ಕಷ್ಟವೇ, ಅದೇ ಬಿರುಕಿನ ನೀರು ಅತ್ತ ಇಳಿದುಬಿಡಬಹುದು.

ಇಷ್ಟು ಸಣ್ಣ ನೀರಿಗೆ ಇಷ್ಟೆಲ್ಲಾ ಯಾಕೆ ಅನ್ನಬೇಡಿ. ಜಲ ಜೀವನ್ ಮಿಷನ್ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ನಿಮಿಷಕ್ಕೆ 10 ಲೀಟರ್ ಬರುವ ಒರತೆ ದಿನಕ್ಕೆ 14,400 ಲೀಟರ್ ಕೊಡುತ್ತದೆ, ಸುಮಾರು 260 ಜನಕ್ಕೆ ಆಗುತ್ತದೆ. ನೆಲದಾಳದಿಂದ ಎತ್ತುವ ಖರ್ಚೂ ಇಲ್ಲ. 2024ರ ಬೇಸಿಗೆಯಲ್ಲಿ ಬೋರ್‌ಗಳು ಒಣಗಿ ಬೆಂಗಳೂರಿನ ಜನ ಟ್ಯಾಂಕರ್‌ಗೆ ಹೇಗೆ ಪರದಾಡಿದರು ಅಂತ ಎಲ್ಲರೂ ನೋಡಿದ್ದೇವೆ ಅಲ್ವಾ.

ಸಿಕ್ಕಿಂನಲ್ಲಿ 2008ರಲ್ಲಿ ಶುರುವಾದ ಧಾರಾ ವಿಕಾಸ್ ಯೋಜನೆಯಲ್ಲಿ ಉದ್ಯೋಗ ಖಾತ್ರಿ ಕೂಲಿಯಿಂದಲೇ ಒರತೆಗಳ ಮೇಲಿನ ಇಳಿಜಾರಿನಲ್ಲಿ ಕಂದಕ, ಇಂಗುಗುಂಡಿ ತೋಡಿಸಿ, ಬತ್ತುತ್ತಿದ್ದ ಒರತೆಗಳಿಗೆ ಜೀವ ಕೊಟ್ಟರು. ಅಲ್ಲಿನ ಬೆಟ್ಟ ಬೇರೆ, ನಮ್ಮ ಬಂಡೆ ಬೇರೆ. ಹಾಗಾಗಿ ಎಲ್ಲಿ ತೋಡಬೇಕು, ಎಲ್ಲಿ ಮುಟ್ಟಬಾರದು ಅನ್ನುವುದನ್ನು ಅಂತರ್ಜಲ ಇಲಾಖೆಯ ಭೂವಿಜ್ಞಾನಿ ಬಂದು ನೋಡಿ ಹೇಳಲಿ.

ಮೊದಲು ಮಣ್ಣು ತೆಗೆಯುವುದನ್ನು ನಿಲ್ಲಿಸಿ, ಇದಕ್ಕೆ ಕಾಯಲು ಆಗುವುದಿಲ್ಲ. ತಹಶೀಲ್ದಾರರಿಗೆ ಬರೆದು ಗೋಮಾಳ ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸಿ. ಪರಿಶೀಲನೆ ಆಗದೆ ಅಲ್ಲಿ ಹೊಸ ಬೋರ್ ಬೇಡ. ಸೀಳಿಗೆ ಮೆತ್ತಿದ ಸಿಮೆಂಟನ್ನು ಕೈಯಲ್ಲಿ ಉಳಿ ಹಿಡಿದು ಬಿಡಿಸಬೇಕು, ಯಂತ್ರ ತಂದರೆ ಬಂಡೆ ಅದುರಿ ನೀರು ದಾರಿ ತಪ್ಪಬಹುದು. ಆಮೇಲೆ ಮುಚ್ಚಳ ಇರುವ ಸಣ್ಣ ತೊಟ್ಟಿ ಕಟ್ಟಿಸಿ, ನೀರು ಪರೀಕ್ಷೆ ಮಾಡಿಸಿಯೇ ನಲ್ಲಿಗೆ ಬಿಡಿ, ಮಳೆಗಾಲದಲ್ಲಿ ಇನ್ನೊಮ್ಮೆ ಪರೀಕ್ಷೆ ಆಗಲಿ. ಜಾಸ್ತಿ ಆದ ನೀರು ಎಂದಿನಂತೆ ಕೆಳಗಿನ ಗುಂಡಿಗೆ ಹೋಗಲಿ, ದನಕರು, ನವಿಲು ಅದನ್ನೇ ನಂಬಿವೆ.

ಹೂಳು, ಕಸ ತೆಗೆಯುವ ಕೆಲಸಕ್ಕೆ ಮನೆಗೊಬ್ಬರಂತೆ ಬರುತ್ತೇವೆ. ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯಿತು ಅಂತ ಪ್ರತಿ ತಿಂಗಳು ಬರೆದಿಟ್ಟು ಪಂಚಾಯಿತಿಗೆ ಕೊಡುತ್ತೇವೆ. ಮುಂಗಾರಿಗೆ ಮೊದಲು ಗ್ರಾಮಸಭೆಯಲ್ಲಿ ಈ ವಿಷಯ ತೆಗೆದುಕೊಂಡು, ಸ್ಥಳ ನೋಡಲು ಬರುವ ದಿನ ನಮಗೆ ತಿಳಿಸಿ.

ಇಂತಿ,
ಊರಿನ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)