ಲಕ್ವ ಹೊಡೆದವರನ್ನು ರಿಪೋರ್ಟಿಗೆ ಕಾಯಿಸಬೇಡಿ

ಮಾನ್ಯ ಸಂಪಾದಕರೇ,

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ. ಆಮೇಲೆ ಆಸ್ಪತ್ರೆ ಅಂದರೇ ಜನ ಹೆದರಿದರು. ನಮ್ಮ ಓಣಿಯ ಅಜ್ಜನಿಗೆ ಬೆಳಿಗ್ಗೆ ಬಾಯಿ ಸೊಟ್ಟಗಾಗಿ ಕೈಯಲ್ಲಿದ್ದ ಚಹಾದ ಕಪ್ ಜಾರಿ ಬಿತ್ತು, ಆದರೂ ಮನೆಯವರು ಸೋಂಕು ತಗುಲೀತು ಅಂತ ಎಣ್ಣೆ ತಿಕ್ಕುತ್ತಲೇ ಮಧ್ಯಾಹ್ನ ಮಾಡಿದರು, ಕೊನೆಗೆ ಹೋದರೆ ಆಸ್ಪತ್ರೆಯವರು ಮೊದಲು ಕೊರೊನಾ ರಿಪೋರ್ಟ್ ತನ್ನಿ ಅಂದರು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದಿದ್ದರೆ, ಆ ಗಡ್ಡೆ ಕರಗಿಸುವ ಇಂಜೆಕ್ಷನ್ ಲಕ್ಷಣ ಕಾಣಿಸಿದ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಮಿದುಳಲ್ಲಿ ರಕ್ತಸ್ರಾವ ಆಗಿಲ್ಲ ಅಂತ ಸಿಟಿ ಸ್ಕ್ಯಾನ್ ನೋಡಬೇಕು. ಅಜ್ಜನ ಬಲಗೈ ಇವತ್ತಿಗೂ ಏಳುವುದಿಲ್ಲ. ಮುಂದೆ ಇಂಥ ರೋಗ ಬಂದರೆ ಪಿಪಿಇ ಕಿಟ್ ಹಾಕಿಕೊಂಡು ಮೊದಲು ಸ್ಕ್ಯಾನ್ ಮಾಡಲಿ, ರಿಪೋರ್ಟ್ ಆಮೇಲೆ ಬರಲಿ. ಚಿಂಚೋಳಿ, ಅಫಜಲಪುರ ಕಡೆಯವರಿಗಂತೂ ದಾರಿಯಲ್ಲೇ ಎಷ್ಟೋ ಹೊತ್ತು ಹೋಗಿರುತ್ತದೆ, ಅಲ್ವಾ?

– ಓದುಗ, ಕಲಬುರಗಿ